ರೌಂಡಬೌಟಿನಲ್ಲಿ ಬಲೆ ಬೀಸಿದ್ದು

ಸಿಡ್ನಿಯಲ್ಲಿ ಕರ್ನಾಟಕದವರೆಲ್ಲ ಬೆಂಗಳೂರಿನವರೇ. ಇದು ಸುಳ್ಳಲ್ಲ, ಅನುಕೂಲ. ಬೈಲಹೊಂಗಲ ಅಂದರೆ ಅದೆಲ್ಲಿದೆ ಎಂದು ಕೇಳುತ್ತಾರೆ. ಬೆಳಗಾವಿಯ ಹತ್ತಿರ ಅಂದರೆ ಹಾಗಾದರೆ ನೀವು ಮರಾಠಿಯವರೋ ಎನ್ನುತ್ತಾರೆ. ಅಷ್ಟರಲ್ಲಿ ಕೈಯಲ್ಲಿದ್ದ ಚಹಾ ಆರಿ ಹೋಗಿರುತ್ತದೆ. ಬಂದ ಹೊಸತರಲ್ಲಿ ಬ್ಲ್ಯಾಕ್‌ಟೌನಿನ ಒಂದು ಹುಟ್ಟುಹಬ್ಬದ ಪಾರ್ಟಿಯಲ್ಲಿ 'ಬೆಂಗಳೂರು' ಅಂದುಬಿಟ್ಟೆ, ಮಾತು ಅಲ್ಲಿಗೇ ಮುಗಿಯಿತು, ಬಿಸಿ ಚಹಾ ಕುಡಿದೆ. ಅಂದ ಮೇಲೆ ಹಾಗೆ ಮಾತಾಡಲೂ ಬೇಕಲ್ಲ, ಅದನ್ನೂ ಕಲಿತೆ. ಈಗ ರೌಸ್ ಹಿಲ್ಲಿನ ನಮ್ಮ ಕನ್ನಡ ಬಳಗದ ಯಾವ ಕಾರ್ಯಕ್ರಮಕ್ಕೂ ನಿರೂಪಣೆ ಈ ಮಹಾಶ್ವೇತಾಳದೇ. 'ಮೇಡಂ, ನಿಮ್ಮ ಕನ್ನಡ ಎಷ್ಟು ನೀಟು' ಎಂದು ಯಾರಾದರೂ ಹೇಳಿದರೆ ನಾನು ಬೇಡ ಅನ್ನುವುದಿಲ್ಲ.

ನನ್ನ ಯಜಮಾನರು ಗುರುಬಸವ ಇದ್ಯಾವುದನ್ನೂ ಕಲಿಯಲಿಲ್ಲ. ಸೇತುವೆ ಕಟ್ಟುವ ಎಂಜಿನಿಯರು. ಆದರೆ ನಾಲಿಗೆ ಮಾತ್ರ ಬೈಲಹೊಂಗಲದ ಸಂತೆಯಿಂದ ಒಂದು ಮಾರು ಈಚೆಗೆ ಬಂದಿಲ್ಲ. ಅದಕ್ಕೇ ಎಲ್ಲಿಗೆ ಹೊರಟರೂ ಕಾರಿನಲ್ಲೇ ಹೇಳುತ್ತೇನೆ, ಅಲ್ಲಿ ಸ್ವಲ್ಪ ಸುಮ್ಮನಿರಿ ಎಂದು. ಇರುತ್ತಾರೆ. ಗಂಭೀರ ಸ್ವಭಾವದವರು ಎಂದು ಅವರಿಗೆ ಬಳಗದಲ್ಲಿ ಒಳ್ಳೆಯ ಹೆಸರಿದೆ.

ನಮ್ಮ ಒಬ್ಬನೇ ಮಗ ಕೌಶಿಕ್ ಮೆಲ್ಬೋರ್ನಿನಲ್ಲಿ ಕೆಲಸ ಹಿಡಿದು, ವಿಂಡಮ್ ವೇಲ್‌ನಲ್ಲಿ ಮನೆ ಮಾಡಿದ. ಒಂದು ದಿನ ಫೋನ್ ಮಾಡಿ, 'ಅಮ್ಮ, ಒಬ್ಬಳು ಹುಡುಗಿ ಇದ್ದಾಳೆ, ಥಾಯ್' ಅಂದ. ನನ್ನ ಎದೆ ಧಸಕ್ಕೆಂದಿತು. ಥಾಯ್ಲೆಂಡಿನಲ್ಲಿ ಎಲ್ಲಿಯವರು ಎಂದು ಕೇಳಿದೆ. 'ಬ್ಯಾಂಕಾಕ್' ಅಂದ. ಸ್ವಲ್ಪ ಸಮಾಧಾನವಾಯಿತು. ಜಾತಿ ಹೋದರೂ ರಾಜಧಾನಿಗೆ ರಾಜಧಾನಿ ಸರಿಹೋಯಿತಲ್ಲ.

ಹುಡುಗಿಯ ಹೆಸರು ಬುವಾ. ದಂತವೈದ್ಯರ ಕ್ಲಿನಿಕ್ಕೊಂದರಲ್ಲಿ ಕೆಲಸ. ಮೊದಲ ಸಲ ನಮ್ಮ ಮನೆಗೆ ಬಂದಾಗ ನಾನು ಇಡ್ಲಿ-ಸಾಂಬಾರು ಮಾಡಿದ್ದೆ, ಬೆಂಗಳೂರಿನವರು ಅದನ್ನೇ ತಾನೇ ಮಾಡುವುದು. ಅವಳು ಇಡ್ಲಿಯನ್ನು ಎಡಕ್ಕೆ ಸರಿಸಿ, ಯಜಮಾನರ ತಟ್ಟೆಯ ಮೂಲೆಯಲ್ಲಿದ್ದ ಕೆಂಪು ಖಾರಕ್ಕೆ ಬೆರಳದ್ದಿ ನೆಕ್ಕಿದಳು. ಕಣ್ಣಲ್ಲಿ ನೀರು ಬಂತು. ಇನ್ನಷ್ಟು ಬೇಕು ಅಂದಳು. ಹೊಟ್ಟೆ ತುಂಬ ಉಂಡು, ಮನೆಯೆಲ್ಲ ಕೇಳುವಂತೆ ನಕ್ಕು, ನನ್ನ ಅಡುಗೆಮನೆಯನ್ನು ತಾನೇ ಒರೆಸಿ ಹೋದಳು. ಸೊಸೆಯನ್ನು ಇಷ್ಟಪಡಬಾರದೆಂದು ನಾನು ಮಾಡಿಕೊಂಡಿದ್ದ ಸಿದ್ಧತೆಯೆಲ್ಲ ಹಾಳಾಯಿತು. ಆ ಹುಡುಗಿಯೆಂದರೆ ನನಗೆ ಪ್ರಾಣ.

ಅವಳ ತಾಯಿ ಚಂಪಾ ಅಲ್ಲೇ ಹತ್ತಿರದ ವೆರಿಬಿಯ ಒಂದು ಥಾಯ್ ಹೋಟೆಲಿನಲ್ಲಿ ಅಡುಗೆ ಮಾಡುತ್ತಾರೆ. ಹೆಸರು ಕೇಳಿ ನಮ್ಮ ಕಡೆಯವರೇ ಇರಬೇಕು ಅನ್ನಿಸಿತ್ತು. ಸಣ್ಣ ಆಳು, ಮೆಲ್ಲನೆಯ ದನಿ. ಇಂಗ್ಲಿಷಿನಲ್ಲಿ ಒಂದೊಂದೇ ಶಬ್ದ ಇಟ್ಟು ಮಾತಾಡುತ್ತಾರೆ. ನಾನೂ ಹಾಗೇ ಮಾತಾಡಿದೆ. ಇಬ್ಬರೂ ಒಬ್ಬರಿಗೊಬ್ಬರು ಎಷ್ಟು ಮರ್ಯಾದೆ ಕೊಟ್ಟೆವೆಂದರೆ ವಿಷಯ ಏನೂ ಹೇಳಿಕೊಳ್ಳಲಾಗಲಿಲ್ಲ.

ಮದುವೆಗೆ ಹಾಲ್ ಬುಕ್ ಮಾಡಿದ ಮೇಲೆ ಈ ಅಪಘಾತ. ಕೌಶಿಕನ ಮನೆಯ ಹತ್ತಿರದ ರೌಂಡಬೌಟಿನಲ್ಲಿ ಒಂದು ದೊಡ್ಡ ಗಾಡಿ ಬುವಾಳ ಕಾರಿಗೆ ಬಂದು ಗುದ್ದಿತು. ಕಾರು ಸುತ್ತಿ ಹುಲ್ಲಿನ ಮೇಲೆ ಹೋಗಿ ನಿಂತಿತು. ಕಾರು ಗುಜರಿಗೆ ಹೋಯಿತು, ಹುಡುಗಿಗೆ ಒಂದು ಗೀರೂ ಇಲ್ಲ. ದೇವರು ದೊಡ್ಡವನು ಅಂದುಕೊಂಡೆವು. ಆದರೆ ಆಮೇಲೆ ಅವಳು ಅವಳಾಗಿ ಉಳಿಯಲಿಲ್ಲ. ಬಾಗಿಲು ತೆರೆದರೆ ಬೆಚ್ಚುತ್ತಾಳೆ. ಮಾತು ಶುರುಮಾಡಿ ಅರ್ಧಕ್ಕೆ ಬಿಡುತ್ತಾಳೆ. ತಟ್ಟೆಯ ಮುಂದೆ ಕೂತು ಎರಡು ತುತ್ತು ಕೆದಕಿ ಎದ್ದುಬಿಡುತ್ತಾಳೆ. ನಗು ಅಂತೂ ಇಲ್ಲವೇ ಇಲ್ಲ. ಡಾಕ್ಟರು, ಕೌನ್ಸೆಲರು ಎಲ್ಲ ಆಯಿತು, ಹೊತ್ತು ಹಿಡಿಯುತ್ತದೆ ಎಂದರು. ಕೊನೆಗೆ ಅವಳೇ ಕೌಶಿಕನಿಗೆ, 'ಮದುವೆ ಬೇಡ. ನಾನು ಇಲ್ಲಿ ಇಲ್ಲ. ಇಲ್ಲದವಳನ್ನು ಹೇಗೆ ಮದುವೆಯಾಗುತ್ತೀ' ಅಂದಳಂತೆ.

ಆ ಮಾತು ಕೇಳಿ ನಾನೂ ಯಜಮಾನರೂ ಮೆಲ್ಬೋರ್ನಿಗೆ ಹಾರಿದೆವು.

ಚಂಪಾ ಹೇಳಿದ್ದು ಇಷ್ಟು. ಮನುಷ್ಯನ ಮೈಯಲ್ಲಿ ಖ್ವಾನ್ ಅಂತ ಇರುತ್ತದೆ, ಜೀವದ ಒಂದು ಬೆಚ್ಚನೆಯ ಪಾಲು. ಮೈ ಬೆಚ್ಚಿದರೆ ಅದು ಬಿಟ್ಟು ಹೋಗುತ್ತದೆ, ಬಿದ್ದಲ್ಲೇ ಕೂತಿರುತ್ತದೆ. ಕರೆದರೆ ಬರುತ್ತದೆ. ನನಗೆ ಇದು ಹೊಸದೇನಲ್ಲ. ನಮ್ಮ ಕಡೆ ಮಕ್ಕಳು ಅಂಜಿದರೆ ಬಿದ್ದ ಜಾಗಕ್ಕೆ ನೀರು ಹಾಕಿ ಅಂಜಿಕೆ ತೆಗೆಸುತ್ತಾರೆ. ಆದರೆ ಬೆಂಗಳೂರಿನವಳಾಗಿ ಅದನ್ನೆಲ್ಲ ಹೇಳಲಿಕ್ಕಾಗುತ್ತದೆಯೇ? 'ನಿಮ್ಮ ಸಂಸ್ಕೃತಿ ತುಂಬ ಇಂಟರೆಸ್ಟಿಂಗ್' ಎಂದೆ. ವ್ಯವಸ್ಥೆ ನನಗೆ ಬಿಡಿ ಎಂದೂ ಹೇಳಿದೆ. ಇಷ್ಟು ವರ್ಷ ಕಾರ್ಯಕ್ರಮ ನಡೆಸಿದವಳಿಗೆ ಒಂದು ಖ್ವಾನ್ ಕರೆಸುವುದು ಎಷ್ಟರ ಮಾತು.

ಸಿಡ್ನಿಯ ಒಬ್ಬ ಥಾಯ್ ಗೆಳತಿಗೆ ಫೋನ್ ಮಾಡಿ, ಅಚ್ಚ ಬ್ಯಾಂಕಾಕ್ ಉಚ್ಚಾರಣೆಯ, ಓದಿಕೊಂಡ, ನೋಡಲು ಗಂಭೀರವಾದ ಒಬ್ಬರು ಬೇಕು ಎಂದೆ. ಸಿಕ್ಕರು. ಅಚಾನ್ ಪ್ರಸಿತ್, ಅಚಾನ್ ಎಂದರೆ ಗುರುಗಳು. ಅವರನ್ನು ವಿಮಾನದಲ್ಲಿ ಕರೆಸಿದೆ. ಕೌಶಿಕನ ಗ್ಯಾರೇಜಿನಲ್ಲಿ ಕಾರ್ಪೆಟ್ ಹಾಸಿ, ಹೂವು, ಮೇಣದಬತ್ತಿ, ಬಾಳೆಎಲೆ ಎಲ್ಲ ಸಜ್ಜು ಮಾಡಿದೆ. ಅವರು ಬಿಳಿ ಅಂಗಿ ತೊಟ್ಟು ಮುತ್ತು ಪೋಣಿಸಿದಂತೆ ಮಂತ್ರ ಹೇಳಿದರು. ಅರ್ಥವಾಗದಿದ್ದರೂ ಒಳ್ಳೆಯ ನಿರೂಪಣೆ ಯಾವುದೆಂದು ನನಗೆ ಗೊತ್ತಾಗುತ್ತದೆ. ಚಂಪಾ ಕೈಮುಗಿದು ನೆಲ ನೋಡುತ್ತ ಕೂತಿದ್ದರು. ಬುವಾ ಎಲ್ಲ ಮುಗಿದ ಮೇಲೆ 'ಥ್ಯಾಂಕ್ ಯೂ ಆಂಟಿ' ಅಂದಳು. ಊಟಕ್ಕೆ ಕೂತಳು, ಎರಡು ತುತ್ತು ಕೆದಕಿದಳು, ಎದ್ದಳು.

ಅಚಾನರನ್ನು ಏರ್‌ಪೋರ್ಟಿಗೆ ಬಿಡಲು ನಾನೇ ಹೋದೆ. ದಾರಿಯಲ್ಲಿ ಅವರು ನಗುತ್ತ, 'ಮೇಡಂ, ಆ ತಾಯಿ ಬ್ಯಾಂಕಾಕಿನವಳಲ್ಲ. ನಮಸ್ಕಾರ ಹೇಳಿದ್ದರಲ್ಲೇ ಗೊತ್ತಾಯಿತು. ಈಸಾನಿನವಳು, ಈಶಾನ್ಯದ ಹಳ್ಳಿ ಕಡೆ. ಅವರ ಮಾತು ಅರ್ಧ ಲಾವೋಸಿನದು. ನಮ್ಮ ಟಿವಿ ಸೀರಿಯಲ್ಲುಗಳಲ್ಲಿ ಮನೆಗೆಲಸದವರೆಲ್ಲ ಹಾಗೇ ಮಾತಾಡುತ್ತಾರೆ. ಬಹಳ ತಮಾಷೆ' ಅಂದರು.

ನನ್ನ ಕಿವಿ ಬಿಸಿಯಾಯಿತು. ನಮ್ಮ ಬಳಗದ ನಾಟಕದಲ್ಲೂ ಆಳಿನ ಪಾತ್ರದವನು 'ಹೌದ್ರಿ ಸಾಹೇಬ್ರ' ಎಂದರೆ ಸಾಕು, ಸಭೆಗೆ ಸಭೆಯೇ ನಗುತ್ತದೆ. ಆ ಉಚ್ಚಾರಣೆಯನ್ನು ಜಯನಗರದ ಹುಡುಗನಿಗೆ ತಿದ್ದಿ ತಿದ್ದಿ ಹೇಳಿಕೊಟ್ಟವಳು ನಾನೇ. ಮೇಡಂಗೆ ಎಲ್ಲ ಭಾಷೆಯೂ ಬರುತ್ತದೆ ಎಂದು ಹೊಗಳುತ್ತಾರೆ. ಅದು ಬೇರೆ ವಿಷಯ. ಈ ಮನುಷ್ಯನ ನಗು ಮಾತ್ರ ನನಗೆ ಹಿಡಿಸಲಿಲ್ಲ. ಏರ್‌ಪೋರ್ಟಿನಲ್ಲಿ ಅವನನ್ನು ಇಳಿಸಿ, ಇನ್ನೊಂದು ಮಾತಾಡದೆ ಬಂದುಬಿಟ್ಟೆ.

ಮನೆಗೆ ಬಂದವಳೇ ಚಂಪಾರನ್ನು ಅಡುಗೆಮನೆಗೆ ಕರೆದು ನೇರವಾಗಿ ಕೇಳಿದೆ. ಅವರು ಮೊದಲು ಕೈಮುಗಿದರು, ಆಮೇಲೆ ಹೇಳಿದರು. ಊರು ರೊಯ್ ಎಟ್ ಎಂಬ ಪ್ರಾಂತ್ಯದ ಒಂದು ಹಳ್ಳಿ. ಹದಿನಾರಕ್ಕೆ ಬ್ಯಾಂಕಾಕಿನ ಒಂದು ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋದರಂತೆ. ಬಾಯಿ ತೆಗೆದರೆ ಜನ ನಗುತ್ತಿದ್ದರು. ಆಗ ಅಲ್ಲಿನ ಮಾತು ಕಲಿತು, ತನ್ನದನ್ನು ಮನೆಯೊಳಗೆ ಮಾತ್ರ ಇಟ್ಟುಕೊಂಡರು.

'ನೀವು ಬೆಂಗಳೂರಿನ ದೊಡ್ಡ ಜನ. ನಿಮ್ಮ ಮುಂದೆ ಊರು ಬ್ಯಾಂಕಾಕ್ ಅಂತ ಹೇಳು ಎಂದು ಮಗಳಿಗೆ ನಾನೇ ಹೇಳಿದ್ದೆ' ಅಂದರು.

'ಹಾಗಾದರೆ ಇವತ್ತು ಅವರು ಕರೆದದ್ದು?'

'ತುಂಬ ಚೆನ್ನಾಗಿ ಕರೆದರು. ಆದರೆ ಇವಳ ಖ್ವಾನ್ ಬೆಳೆದದ್ದು ನನ್ನ ಮಾತಿನಲ್ಲಿ. ಬ್ಯಾಂಕಾಕಿನ ಮಾತು ಕೇಳಿದರೆ ಯಾರೋ ಆಫೀಸರು ಬಂದರು ಎಂದು ಇನ್ನೂ ದೂರ ಹೋಗಿ ನಿಲ್ಲುತ್ತದೆ.'

ಆಗ ನಾನು 'ನಾವೂ ಅಷ್ಟೇ ಕಣಮ್ಮ' ಎನ್ನಬಹುದಿತ್ತು. ಅನ್ನಲಿಲ್ಲ. ಅವರ ಕೈ ತಟ್ಟಿ, ಇದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ, ಎಲ್ಲ ಭಾಷೆಗಳೂ ಸಮಾನ ಎಂದು ಬೆಂಗಳೂರಿನವಳ ದೊಡ್ಡ ಮನಸ್ಸು ತೋರಿಸಿದೆ. ಹಾಲ್‌ನಲ್ಲಿ ಪೇಪರ್ ಓದುತ್ತಿದ್ದ ಯಜಮಾನರು ಕೆಮ್ಮಿದರು.

ಚಂಪಾ ತಮ್ಮ ಊರಿನ ಪದ್ಧತಿ ವಿವರಿಸಿದರು. ಬಿದ್ದ ಜಾಗಕ್ಕೇ ಹೋಗಬೇಕು. ಮೀನು ಹಿಡಿಯುವ ಕೈಬಲೆ ಬೇಕು. ಅದರಲ್ಲಿ ಹುಡುಗಿಯ ಒಂದು ಅಂಗಿ, ಬೇಯಿಸಿದ ಮೊಟ್ಟೆ, ಒಂದು ಮುಷ್ಟಿ ಅಂಟು ಅನ್ನ. ಹೆಸರು ಹಿಡಿದು ಕರೆಯುತ್ತ ನೆಲದ ಮೇಲೆ ಬಲೆ ಬೀಸಬೇಕು, ಖ್ವಾನ್ ಅದರಲ್ಲಿ ಬಂದು ಕೂರುತ್ತದೆ. ಹುಡುಗಿ ಮನೆಯಲ್ಲಿ ಕಾದಿರಬೇಕು. ಇನ್ನೊಂದು ಮಾತು. ಮದುವೆ ಗೊತ್ತಾದ ಹುಡುಗಿಯಾದ್ದರಿಂದ ಗಂಡಿನ ತಾಯಿಯೂ ಕರೆಯಬೇಕು, ಅವರ ಮನೆಯ ಮಾತಿನಲ್ಲಿ. 'ಯಾವ ಮನೆಗೆ ಬರುವುದು ಅಂತ ಅದಕ್ಕೆ ಗೊತ್ತಾಗಬೇಕಲ್ಲ' ಅಂದರು.

ಅದಕ್ಕೇನಂತೆ, ಕರೆಯುವುದೇ ನನ್ನ ಕೆಲಸ ಎಂದೆ.

ಭಾನುವಾರ ಮಧ್ಯಾಹ್ನ ಮೂವರು ಹೊರಟೆವು. ಆ ಜಾಗ ನೋಡಲಾರೆ, ದನಿಯಾದರೂ ಕೇಳುತ್ತೇನೆ ಎಂದು ಬುವಾ ಹೇಳಿದ್ದರಿಂದ ಯಜಮಾನರು ಕೌಶಿಕನಿಗೆ ಫೋನ್ ಹಚ್ಚಿ ಸ್ಪೀಕರಿನಲ್ಲಿ ಇಟ್ಟು ಕೈಯಲ್ಲಿ ಹಿಡಿದಿದ್ದರು. ಅತ್ತ ಮನೆಯಲ್ಲಿ ಅವರಿಬ್ಬರು, ಇತ್ತ ರೌಂಡಬೌಟಿನ ಪಕ್ಕದ ಹುಲ್ಲಿನಲ್ಲಿ ನಾವು. ನಾನು ರೇಷ್ಮೆ ಸೀರೆ ಉಟ್ಟಿದ್ದೆ, ಸಂದರ್ಭಕ್ಕೆ ತಕ್ಕಂತೆ ಇರಬೇಕಲ್ಲ. ಕಾರುಗಳು ನಿಧಾನ ಮಾಡಿ ನೋಡಿಕೊಂಡು ಹೋಗುತ್ತಿದ್ದವು. ನಾಯಿ ಹಿಡಿದುಕೊಂಡು ಬಂದ ಒಬ್ಬ ಬಿಳಿಯ ಮುದುಕ ಬಲೆ ನೋಡಿ, ಇಲ್ಲಿ ಯಾಬಿ ಸಿಗುತ್ತದಾ ಎಂದು ಕೇಳಿದ. ಯಾಬಿ ಅಂದರೆ ಇಲ್ಲಿನ ಕೆರೆಗಳ ಸಿಗಡಿ.

'ನೋ ಸರ್. ಡಾಟರ್ ಇನ್ ಲಾ' ಎಂದರು ಯಜಮಾನರು.

ಮುದುಕ ಗುಡ್ ಲಕ್ ಹೇಳಿ ಹೋದ.

ಚಂಪಾ ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಿಂತರು, ಬಲೆ ಬೀಸಿ ಕರೆದರು. 'ಮಾ ದೆ, ಖ್ವಾನ್ ಎಯ್, ಮಾ ದೆ.' ಬಾ ಖ್ವಾನೇ, ಬಾ ಎಂದರ್ಥವಂತೆ. ಇಷ್ಟು ದಿನ ಕೇಳಿದ ಆ ಮೆಲ್ಲನೆಯ ದನಿ ಇದಾಗಿರಲಿಲ್ಲ. ಗದ್ದೆಯ ಆ ಕೊನೆಯಲ್ಲಿ ನಿಂತವಳನ್ನು ಕರೆಯುವಷ್ಟು ಜೋರು, ಕೊನೆಯಲ್ಲಿ ಒಂದು ಎಳೆತ, ಅದರಲ್ಲಿ ಅಳು, ಮುದ್ದು, ಸಿಟ್ಟು ಎಲ್ಲ ಕೂಡಿತ್ತು. ಫೋನಿನಿಂದ ಬುವಾ 'ಮೆ' ಅಂದದ್ದು ಕೇಳಿಸಿತು, ಅಮ್ಮ ಎಂದು. ಅಷ್ಟೇ. ಮತ್ತೆ ಸುಮ್ಮನಾದಳು. ಚಂಪಾ ನನ್ನ ಕಡೆ ತಿರುಗಿ ತಲೆಯಾಡಿಸಿದರು.

ನಾನು ಸೆರಗು ಸರಿ ಮಾಡಿಕೊಂಡು ಗಂಟಲು ಸರಿಪಡಿಸಿಕೊಂಡೆ.

'ಪ್ರೀತಿಯ ಬುವಾ, ನಮ್ಮ ಮನೆಗೆ ನಿನಗೆ ಆದರದ ಸ್ವಾಗತ. ದಯವಿಟ್ಟು ಬರಬೇಕೆಂದು ಕೋರಿಕೊಳ್ಳುತ್ತೇನೆ.'

ಚಪ್ಪಾಳೆ ತಟ್ಟಿ ಎನ್ನಲಿಲ್ಲ, ಪುಣ್ಯ. ಚಂಪಾ ಬಲೆಯೊಳಗೆ ಇಣುಕಿ, ಇಲ್ಲ ಎಂಬಂತೆ ನೋಡಿದರು. 'ಇನ್ನೊಮ್ಮೆ. ಸ್ವಲ್ಪ... ಆಫೀಸರ್ ತರಹ ಇದೆ' ಎಂದರು ಸಂಕೋಚದಿಂದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಟ್ರಾಫಿಕ್ ಸದ್ದು ಜಾಸ್ತಿ ಎಂದೆ. ಮತ್ತೆ ಕರೆದೆ. 'ಬಾಮ್ಮ ಬುವಾ, ಬಂದ್ಬಿಡು ಪುಟ್ಟ.' ಇದು ಬೆಂಗಳೂರಿನ ಪಾರ್ಕಿನಲ್ಲಿ ಕೇಳುವ ಮಾತು. ಒಳ್ಳೆಯ ಮಾತೇ, ಯಾರದೋ ಮಾತು. ನನ್ನ ಅವ್ವ ನನ್ನನ್ನು ಹೇಗೆ ಕರೆಯುತ್ತಿದ್ದಳು ಎಂದು ನೆನೆದೆ. ಅವಳ ಮುಖ ಬಂತು, ಬಾಯಿ ಆಡಿದ್ದೂ ಕಂಡಿತು, ದನಿ ಬರಲಿಲ್ಲ. ಫೋನಿನ ಆ ಕಡೆ ಹುಡುಗಿ ಕಾಯುತ್ತಿದ್ದಾಳೆ, ಇಲ್ಲಿ ನಾನು ಬಾಯಿ ತೆರೆದುಕೊಂಡು ನಿಂತಿದ್ದೇನೆ. ಬೆವರಿಬಿಟ್ಟೆ. ಈ ಮದುವೆ ನನ್ನಿಂದಲೇ ನಿಲ್ಲುತ್ತದೆ ಎಂದು ಅನ್ನಿಸಿತು. ಚಂಪಾ ಬಲೆಯನ್ನು ಕೆಳಗಿಳಿಸಿ, 'ಇವತ್ತು ಬರುವುದಿಲ್ಲವೇನೋ' ಎಂದು ಮೆಲ್ಲಗೆ ಅಂದರು. ಮತ್ತೆ ಅದೇ ಅಳೆದು ತೂಗಿದ ದನಿ.

ಅಷ್ಟರಲ್ಲಿ ಸುಮ್ಮನಿರಬೇಕಾದ ಮನುಷ್ಯ ಮಾತಾಡಿದರು.

'ಚೀಫ್ ಗೆಸ್ಟ್ ಕರದಂಗ ಕರೀತಿ. ಹಾರ ಎಲ್ಲಿ ಇಟ್ಟೀ?'

ನನಗೆ ಸಿಟ್ಟು ನೆತ್ತಿಗೇರಿತು.

'ಏನ್ರಿ, ನಿಮಗ ಚ್ಯಾಷ್ಟಿ ಅನಸ್ತೈತೇನ್ರಿ? ಹಗಲೆಲ್ಲಾ ಕಲ್ಲಬಸವಣ್ಣನಂಗ ಕುಂದರತೀರಿ, ಬ್ಯಾಡಾದ ಹೊತ್ತಿನ್ಯಾಗ ಬಾಯಿ ತಗೀತೀರಿ. ಅಲ್ಲಿ ಆ ಕೂಸು ಅನ್ನಾ ನೀರ ಬಿಟ್ಟು ಕುಂತೈತಿ, ಇಲ್ಲಿ ನನ್ನ ಜೀವ ಹೊಯ್ಕೊಳ್ಳಾಕತ್ತೈತಿ, ನಿಮಗ ಹಾರ ಬೇಕಾಗೇತಿ. ನಾ ಏನ್ ಮಾಡ್ಲಿ? ಕರದ್ರ ಬರವಲ್ಲದು. ಎದಿ ಬಡಕೊಂಡು ಅಳ್ಲೇನು? ಬಾರ ನಮ್ಮವ್ವಾ, ಬಾರ ನನ್ನ ಬಂಗಾರ, ಸಾಕ ಮಾಡು, ಎಷ್ಟೊತ್ತು ಅಂತ ಆ ಬೀದ್ಯಾಗ ಕುಂದರತೀ, ಬಾ ಅಂತ ಕಾಲ ಹಿಡೀಲೇನು? ನಗಬ್ಯಾಡ್ರಿ, ಹಲ್ಲ ಉದರಸ್ತೀನಿ.'

ಚಂಪಾಗೆ ಒಂದಕ್ಷರವೂ ಅರ್ಥವಾಗಿರಲಿಕ್ಕಿಲ್ಲ. ಆದರೆ ನಾನು 'ಬಾರ' ಅಂದದ್ದೇ ತಡ, ಆ ಹೆಂಗಸು ಹಾರಿ ಬಲೆ ಬೀಸಿ, ನನ್ನ ಕಾಲಬುಡದ ಹುಲ್ಲಿನ ಮೇಲೆ ಕವುಚಿ ಹಾಕಿ, ಎರಡೂ ಕೈಯಿಂದ ಅದರ ಬಾಯಿ ಮುಚ್ಚಿ ಹಿಡಿದರು. ಫೋನಿನಲ್ಲಿ ಬುವಾ 'ಆಂಟಿ ಏನು ಹೇಳುತ್ತಿದ್ದಾರೆ' ಎಂದು ಕೇಳುತ್ತಿದ್ದಳು. ಕೌಶಿಕ್ ತಡವರಿಸುತ್ತ, 'ಡ್ಯಾಡ್‌ಗೆ ಬೈತಿದ್ದಾರೆ. ಹಲ್ಲು ಉದುರಿಸ್ತೀನಿ ಅಂತಿದ್ದಾರೆ. ನಿನ್ನನ್ನ ಬಂಗಾರ ಅಂದ್ರು. ಅಮ್ಮ ಹೀಗೆ ಮಾತಾಡಿದ್ದು ನಾನು ಕೇಳೇ ಇಲ್ಲ' ಅಂದ. ಆಮೇಲೆ ಫೋನಿನೊಳಗಿಂದ ನಗು. ಮೊದಲು ಸಣ್ಣದು, ಆಮೇಲೆ ಮನೆಯೆಲ್ಲ ಕೇಳುವಂಥದು. ಚಂಪಾ ಬಲೆ ಹಿಡಿದುಕೊಂಡೇ ಹುಲ್ಲಿನ ಮೇಲೆ ಕೂತುಬಿಟ್ಟರು. ಕೆನ್ನೆ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ. ನಾನೇ ಸೆರಗಿನಿಂದ ಒರೆಸಿದೆ.

ಬಲೆಯಲ್ಲಿ ಒಂದು ಮಿಡತೆ ಸಿಕ್ಕಿತ್ತು, ಜೊತೆಗೆ ಯಾರೋ ಎಸೆದ ಚಿಪ್ಸಿನ ಪಾಕೀಟು. ಚಂಪಾ ಎರಡನ್ನೂ ತೆಗೆಯಗೊಡಲಿಲ್ಲ. ಯಾವುದರಲ್ಲಿ ಬಂದಿದೆಯೋ ಹೇಗೆ ಗೊತ್ತಾಗಬೇಕು ಅಂದರು.

ಮನೆಗೆ ಹೋದಾಗ ಬಾಗಿಲು ತೆರೆದಿತ್ತು. ಚಂಪಾ ಹೊಸ್ತಿಲ ಹೊರಗೆ ನಿಂತು ತಮ್ಮ ಮಾತಿನಲ್ಲಿ, ಬುವಾ ಬಂದಳೇನು ಎಂದು ಕೇಳಿದರು. ಒಳಗಿನಿಂದ ಬುವಾ ಅದೇ ಮಾತಿನಲ್ಲಿ, ಬಂದಳು ಎಂದಳು. ಚಂಪಾ ಒಳಗೆ ಹೋಗಿ ಅವಳ ಕೈಗೆ ಬಿಳಿ ದಾರ ಕಟ್ಟಿ, ಅಂಗಿಯನ್ನು ಹೆಗಲಿಗೆ ಹೊದಿಸಿದರು. ಹುಡುಗಿಯ ಕಣ್ಣು ಊದಿತ್ತು, ತುಟಿಯಲ್ಲಿ ನಗು ಇನ್ನೂ ಇತ್ತು. ನನ್ನನ್ನು ನೋಡಿದವಳೇ, 'ಆಂಟಿ, ಅಂಕಲ್‌ಗೆ ಹೇಳಿದ್ದನ್ನು ಇನ್ನೊಮ್ಮೆ ಹೇಳಿ, ಪ್ಲೀಸ್' ಅಂದಳು.

ಎಲ್ಲರೂ ನನ್ನ ಕಡೆ ನೋಡಿದರು. ಸಾವಿರ ಜನರ ಮುಂದೆ ಮೈಕ್ ಹಿಡಿದವಳು ನಾನು. ಬಾಯಿ ತೆರೆದೆ. 'ಅದು... ಸುಮ್ಮನೆ, ಏನೋ ಸಿಟ್ಟಿನಲ್ಲಿ ಹೇಳಿದ್ದು' ಎಂದೆ. ಅಚ್ಚ ಬೆಂಗಳೂರಿನಲ್ಲಿ. ಕೇಳಿದರೆ ಅದು ಬರುವುದಿಲ್ಲ. ಯಜಮಾನರ ಕಡೆ ನೋಡಿದೆ, ಈ ಸಲ ಪುಣ್ಯಾತ್ಮ ನಿಜವಾಗಿಯೂ ಸುಮ್ಮನಿದ್ದರು. ಮುಖ ತಪ್ಪಿಸಿಕೊಳ್ಳಲು ಊಟದ ಮೇಜಿನ ಕಡೆ ತಿರುಗಿದರೆ ಮಧ್ಯಾಹ್ನ ಬಡಿಸಿದ್ದ ಅವಳ ತಟ್ಟೆ ಹಾಗೇ ಇತ್ತು. ಅನ್ನ ಒಣಗಿ ಕುಂತಿತ್ತು.

'ಅಯ್ಯ, ಇದೇನವಾ ಇದು. ಒಂದ ತುತ್ತೂ ಉಂಡಿಲ್ಲಲ್ಲ. ಏಳ ಮೊದಲ, ಬಿಸೀದ ಹಾಕ್ತೀನಿ, ನನ್ನ ಕಣ್ಣೆದುರಿಗೆ ಉಣ್ಣು.'

ಕೌಶಿಕ್ ಅರ್ಥ ಹೇಳಲು ಬಾಯಿ ತೆರೆಯುವಷ್ಟರಲ್ಲಿ ಅವಳು ಕುರ್ಚಿ ಎಳೆದುಕೊಂಡು ಕೂತಿದ್ದಳು.